ಅಜ್ಜಿಯ ಒಲೆಗೆ ಒಂದು ಕಾಲಂ

ನಾನು ನ್ಯೂಕ್ಯಾಸಲ್‌ನಲ್ಲಿರುವ ಹೈಸ್ಕೂಲ್ ವಿದ್ಯಾರ್ಥಿನಿ. ನನಗೆ ಹದಿನಾರು ವರ್ಷ. ಈ ಪತ್ರಿಕೆಗೆ ನಾನು ಮೊದಲೊಮ್ಮೆ ಊರಿನ ಪ್ರವಾಸದ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಸ್ವಲ್ಪ ಗಂಭೀರ. ಶ್ವಾಸಕೋಶದ ಕ್ಯಾನ್ಸರ್, ಅದರೊಳಗಿನ ಜೀನ್‌ಗಳು, ಮತ್ತು ನನ್ನ ಅಜ್ಜಿ. ಕೆಲವು ಪದಗಳಿಗೆ ಕನ್ನಡ ಹುಡುಕಲು ಅಮ್ಮ ಸಹಾಯ ಮಾಡಿದ್ದಾರೆ. ಕನ್ನಡದಲ್ಲಿ ಸುಲಭವಾಗಿ ಸಿಗದ ಪದಗಳನ್ನು ಇದ್ದ ಹಾಗೇ ಬಿಟ್ಟಿದ್ದೇನೆ.

ಶ್ವಾಸಕೋಶದ ಕ್ಯಾನ್ಸರ್ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸಿಗರೇಟು ಸೇದುತ್ತಿದ್ದರಾ?" ಈ ಪ್ರಶ್ನೆ ತಪ್ಪಲ್ಲ. ನಮ್ಮ ಸಿಯಾಟಲ್‌ನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಇಲ್ಲಿನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರದ ಹೆಸರು ನೀವೆಲ್ಲ ಕೇಳಿರುತ್ತೀರಿ. ಅದು ಫ್ರೆಡ್ ಹಚಿನ್ಸನ್ ಎಂಬ ಬೇಸ್‌ಬಾಲ್ ಆಟಗಾರನ ಹೆಸರು. ಸಿಯಾಟಲ್‌ನಲ್ಲೇ ಹುಟ್ಟಿ ಬೆಳೆದವರು, ಮುಂದೆ ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ ಆದವರು. ತುಂಬಾ ಸಿಗರೇಟು ಸೇದುತ್ತಿದ್ದರು. 1964ರ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಬರೀ 45 ವರ್ಷ. ಸಿಗರೇಟಿನಿಂದ ಈ ಕಾಯಿಲೆ ಬರುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ ಅಧಿಕೃತವಾಗಿ ವರದಿ ಕೊಟ್ಟಿದ್ದೂ ಅದೇ ವರ್ಷದ ಜನವರಿಯಲ್ಲಿ. ಅವರ ಅಣ್ಣ ಡಾಕ್ಟರ್ ವಿಲಿಯಂ ಹಚಿನ್ಸನ್ ತಮ್ಮನ ನೆನಪಿಗೆ ಕಟ್ಟಿದ ಸಂಸ್ಥೆ 1975ರಲ್ಲಿ ಬಾಗಿಲು ತೆರೆಯಿತು.

ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ತುಮಕೂರು ಜಿಲ್ಲೆಯ ಕುಣಿಗಲ್ ಕಡೆಯವರು. ಬೀಡಿ, ಸಿಗರೇಟು ಯಾವುದನ್ನೂ ಕೈಯಲ್ಲಿ ಹಿಡಿದವರಲ್ಲ. ನಮ್ಮ ತಾತನೂ ಸೇದುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಜ್ಜಿಗೆ ಕೆಮ್ಮು ಶುರುವಾಯಿತು, ತೂಕ ಇಳಿಯಿತು. ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ಟಿಬಿ ಎಂದು ಮಾತ್ರೆ ಕೊಟ್ಟರು. ನಾಲ್ಕು ತಿಂಗಳು ಮಾತ್ರೆ ನುಂಗಿದ ಮೇಲೂ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್, ಬಯಾಪ್ಸಿ ಮಾಡಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಟಿಬಿ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಹೀಗಾಗುವುದು ಅಪರೂಪವಲ್ಲ ಎಂದು ಆಮೇಲೆ ಓದಿದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಜೊತೆಗೆ, ಸಿಗರೇಟು ಸೇದದ ಹಳ್ಳಿಯ ಅಜ್ಜಿಗೆ ಈ ಕ್ಯಾನ್ಸರ್ ಇರಬಹುದು ಎಂದು ಯಾರಿಗೂ ಮೊದಲು ಹೊಳೆಯುವುದಿಲ್ಲ.

ಸುದ್ದಿ ಗೊತ್ತಾದಾಗ ನೆಂಟರು ಫೋನ್ ಮಾಡಿ ದನಿ ತಗ್ಗಿಸಿ ಅದೇ ಪ್ರಶ್ನೆ ಕೇಳಿದರು. "ಅಲ್ಲಾ, ಅವರಿಗೆ ಯಾವ ಅಭ್ಯಾಸವೂ ಇರಲಿಲ್ಲವಲ್ಲ?" ಅಮ್ಮ ಪ್ರತಿ ಸಲವೂ ಇಲ್ಲ ಇಲ್ಲ ಎಂದು ಹೇಳಬೇಕಾಯಿತು. ಅಜ್ಜಿ ಏನೋ ತಪ್ಪು ಮಾಡಿದ್ದಾರೆ, ಅದನ್ನು ನಾವು ಮುಚ್ಚಿಡುತ್ತಿದ್ದೇವೆ ಎನ್ನುವ ಹಾಗಿತ್ತು. ಫ್ರೆಡ್ ಹಚಿನ್ಸನ್‌ಗೆ ಬಂದದ್ದೂ ನನ್ನ ಅಜ್ಜಿಗೆ ಬಂದದ್ದೂ ಒಂದೇ ಹೆಸರಿನ ಕಾಯಿಲೆ. ಅವೆರಡೂ ಒಳಗಿನಿಂದಲೂ ಒಂದೇನಾ? ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಕಳೆದ ವರ್ಷ ಶಾಲೆಯಲ್ಲಿ ವಿಜ್ಞಾನದ ಪ್ರಾಜೆಕ್ಟ್ ಆರಿಸಿಕೊಳ್ಳಲು ಹೇಳಿದಾಗ ಇದನ್ನೇ ಆರಿಸಿಕೊಂಡೆ.

ಇಲ್ಲಿ ಸ್ವಲ್ಪ ಜೀವಶಾಸ್ತ್ರ ಹೇಳಲೇಬೇಕು. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇರುತ್ತದೆ. ಪ್ರೋಟೀನ್ ತಯಾರಿಸುವ ಸೂಚನೆ ಇರುವ ಜೀನ್‌ಗಳು ಅದರಲ್ಲಿ ಸುಮಾರು 20,000. ಹಾಗಾದರೆ ಕಣ್ಣು ಯಾಕೆ ಕಣ್ಣಾಗಿದೆ, ಶ್ವಾಸಕೋಶ ಯಾಕೆ ಶ್ವಾಸಕೋಶವಾಗಿದೆ? ಒಂದು ಲೈಬ್ರರಿ ಇದೆ ಎಂದುಕೊಳ್ಳಿ. ಅಲ್ಲಿನ ದೊಡ್ಡ ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. ಬೇಕಾದ ಪುಟದ ಜೆರಾಕ್ಸ್ ಮಾಡಿಸಿಕೊಂಡು ಹೋಗಬಹುದು, ಅಷ್ಟೇ. ಡಿಎನ್‌ಎ ಆ ಪುಸ್ತಕ, ಆರ್‌ಎನ್‌ಎ ಅದರ ಜೆರಾಕ್ಸ್ ಪ್ರತಿ. ಪ್ರತಿಯೊಂದು ಅಂಗವೂ ತನಗೆ ಬೇಕಾದ ಪುಟಗಳ ಜೆರಾಕ್ಸ್ ಮಾತ್ರ ಮಾಡಿಸಿಕೊಳ್ಳುತ್ತದೆ. ಯಾವ ಪುಟದ ಎಷ್ಟು ಪ್ರತಿ ಹೊರಗೆ ಬಂದಿದೆ ಎನ್ನುವುದನ್ನೇ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಈಗಿನ ಯಂತ್ರಗಳು ಒಂದು ಚೂರು ಗೆಡ್ಡೆಯಿಂದ ಎಲ್ಲ ಜೀನ್‌ಗಳ ಪ್ರತಿಗಳನ್ನೂ ಒಂದೇ ಸಲಕ್ಕೆ ಎಣಿಸಿಬಿಡುತ್ತವೆ.

ಪುಸ್ತಕದ ಪುಟದಲ್ಲೇ ಅಕ್ಷರ ತಪ್ಪಿದ್ದರೆ ಅದು ಬೇರೆ ಸಮಸ್ಯೆ. ಅದಕ್ಕೆ ಮ್ಯುಟೇಶನ್ ಎನ್ನುತ್ತಾರೆ. ಆಗ ಅಲ್ಲಿಂದ ಬರುವ ಜೆರಾಕ್ಸ್‌ನಲ್ಲೂ ಅದೇ ತಪ್ಪು ಇರುತ್ತದೆ. ಕ್ಯಾನ್ಸರ್‌ನಲ್ಲಿ ಎರಡೂ ನಡೆಯುತ್ತವೆ. ಕೆಲವು ಪುಟಗಳಲ್ಲಿ ಅಕ್ಷರ ತಪ್ಪಾಗುತ್ತದೆ, ಕೆಲವು ಪುಟಗಳ ಪ್ರತಿ ಲೆಕ್ಕವಿಲ್ಲದಷ್ಟು ಹೊರಬರುತ್ತದೆ, ಕೆಲವು ನಿಂತೇ ಹೋಗುತ್ತವೆ.

ಅಮೆರಿಕ ಸರ್ಕಾರದ ಸಂಸ್ಥೆಗಳು 2006ರಲ್ಲಿ 'ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್' ಎಂಬ ದೊಡ್ಡ ಯೋಜನೆ ಶುರು ಮಾಡಿದವು. 33 ಬಗೆಯ ಕ್ಯಾನ್ಸರ್, 11 ಸಾವಿರಕ್ಕೂ ಹೆಚ್ಚು ರೋಗಿಗಳು. ಹೆಸರು, ವಿಳಾಸ ತೆಗೆದ ಮೇಲೆ ಬಹುಪಾಲು ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಹಾಗಾಗಿ ಹೈಸ್ಕೂಲ್ ಹುಡುಗಿಯೊಬ್ಬಳು ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇವನ್ನು ನೋಡಲು ಸಾಧ್ಯವಾಯಿತು. ಅಜ್ಜಿಗೆ ಬಂದಿರುವ ಅಡಿನೊಕಾರ್ಸಿನೋಮ ಎಂಬ ಬಗೆಯಲ್ಲೇ ಐನೂರಕ್ಕೂ ಹೆಚ್ಚು ಜನರ ಮಾಹಿತಿ ಅಲ್ಲಿದೆ.

ಮಾಹಿತಿ ಎರಡು ಪಟ್ಟಿಯಲ್ಲಿ ಬರುತ್ತದೆ. ಒಂದರಲ್ಲಿ ಜೀನ್‌ಗಳ ಅಂಕಿಗಳು, ಸಾವಿರಾರು ಸಾಲು. ಇನ್ನೊಂದರಲ್ಲಿ ರೋಗಿಯ ವಿವರ: ವಯಸ್ಸು, ಗಂಡೋ ಹೆಣ್ಣೋ, ಕಾಯಿಲೆ ಯಾವ ಹಂತದಲ್ಲಿತ್ತು, ಎಷ್ಟು ಸಿಗರೇಟು ಸೇದುತ್ತಿದ್ದರು, ಎಷ್ಟು ದಿನ ಬದುಕಿದರು. ಈ ಎರಡು ಪಟ್ಟಿಗಳ ನಡುವೆ ಸಂಬಂಧ ಇದೆಯಾ ಎಂದು ಹುಡುಕುವುದೇ ನನ್ನ ಪ್ರಾಜೆಕ್ಟ್.

ಕೆಲವು ಸಂಬಂಧಗಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಎಕ್ಸ್‌ಐಎಸ್‌ಟಿ ಎಂಬ ಜೀನ್ ಹೆಂಗಸರಲ್ಲಿ ಕೆಲಸ ಮಾಡುತ್ತದೆ, ಗಂಡಸರಲ್ಲಿ ಸಾಮಾನ್ಯವಾಗಿ ಇಲ್ಲ. ಅದೊಂದನ್ನೇ ನೋಡಿ ಗಂಡು ಹೆಣ್ಣು ಯಾರೆಂದು ಹೆಚ್ಚು ಕಡಿಮೆ ಹೇಳಬಹುದು. ಎಸ್‌ಎಫ್‌ಟಿಪಿಸಿ ಎಂಬ ಇನ್ನೊಂದು ಜೀನ್ ಇದೆ. ನಮ್ಮ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡಿಕೊಳ್ಳದ ಹಾಗೆ ನೋಡಿಕೊಳ್ಳುವ ಜಾರುವಸ್ತುವಿಗೆ ಬೇಕಾದ ಪ್ರೋಟೀನ್ ಅದರದ್ದು. ಆರೋಗ್ಯವಾದ ಶ್ವಾಸಕೋಶದಲ್ಲಿ ಅದು ತುಂಬಾ ಹೆಚ್ಚು, ಗೆಡ್ಡೆಯಲ್ಲಿ ಕುಸಿದುಹೋಗುತ್ತದೆ. ಆ ಗ್ರಾಫ್ ನೋಡಿದಾಗ ನನಗೆ ಅನಿಸಿದ್ದು, ಈ ಜೀವಕೋಶಗಳು ತಾವು ಶ್ವಾಸಕೋಶ ಎನ್ನುವುದನ್ನೇ ಮರೆಯುತ್ತಿವೆ.

ಇನ್ನು ಕೆಲವು ಸಂಬಂಧಗಳು ಮೋಸ. 20,000 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ನಿಜವಾಗಿ ಯಾವ ಸಂಬಂಧವೂ ಇಲ್ಲದಿದ್ದರೂ, ನೂರಕ್ಕೆ ಐದರ ಲೆಕ್ಕದಲ್ಲಿ ಸುಮಾರು 1,000 ಜೀನ್‌ಗಳು ಸುಮ್ಮನೆ ಅದೃಷ್ಟದಿಂದ "ನಾನು ಮುಖ್ಯ" ಎಂದು ಕೈ ಎತ್ತುತ್ತವೆ. ಒಂದು ಊರಿನವರೆಲ್ಲ ನಾಣ್ಯ ಚಿಮ್ಮಿದರೆ ಯಾರಿಗೋ ಸತತವಾಗಿ ಹತ್ತು ಸಲ ಹೆಡ್ಸ್ ಬಿದ್ದೇ ಬೀಳುತ್ತದೆ. ಅವನು ಜಾದೂಗಾರ ಅಲ್ಲ. ಇದನ್ನು ಸರಿಪಡಿಸುವ ಲೆಕ್ಕಾಚಾರ ಹಾಕಿದ ಮೇಲೆ ನನ್ನ ಪಟ್ಟಿ ಬಹಳ ಚಿಕ್ಕದಾಯಿತು.

ನನಗೆ ಬೇಕಾಗಿದ್ದದ್ದು ಅಜ್ಜಿಯಂಥವರು. ಆ ಪಟ್ಟಿಯಲ್ಲಿ ಸಿಗರೇಟನ್ನೇ ಸೇದದವರು ಏಳರಲ್ಲಿ ಒಬ್ಬರಷ್ಟು. ಸರಿ, ಪರವಾಗಿಲ್ಲ ಎಂದುಕೊಂಡೆ. ಆಮೇಲೆ 'ಏಷ್ಯನ್' ಎಂದು ನಮೂದಾಗಿರುವವರನ್ನು ಎಣಿಸಿದೆ. ಐನೂರಕ್ಕೂ ಹೆಚ್ಚು ಜನರಲ್ಲಿ ಹತ್ತು ಜನವೂ ಇಲ್ಲ. ಜಪಾನ್, ಚೀನಾ, ವಿಯೆಟ್ನಾಂ, ಭಾರತ ಎಲ್ಲ ಸೇರಿ ಹತ್ತಕ್ಕಿಂತ ಕಡಿಮೆ! ಅಷ್ಟು ಕಡಿಮೆ ಜನರಿಂದ ಯಾವ ಲೆಕ್ಕವನ್ನೂ ನಂಬಿಕೆಯಿಂದ ಹೇಳಲು ಬರುವುದಿಲ್ಲ.

ರೋಗಿಯ ವಿವರದ ಪಟ್ಟಿಯನ್ನು ನಾನು ಮೊದಲು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಜೀನ್ ಎಂದರೆ ದೊಡ್ಡ ವಿಜ್ಞಾನ, ವಯಸ್ಸು ಮತ್ತು ಅಭ್ಯಾಸ ಎಂದರೆ ಫಾರ್ಮ್ ತುಂಬುವ ಕೆಲಸ, ಅಲ್ಲವೇ? ಗೆಫಿಟಿನಿಬ್ ಎಂಬ ಮಾತ್ರೆಯ ಕಥೆ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಈ ಮಾತ್ರೆಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಸಿಕ್ಕಿತು. ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆದರೆ ಆ ಒಬ್ಬರ ಗೆಡ್ಡೆ ಕರಗಿದಂತೆ ಇಳಿಯುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಗ ಡಾಕ್ಟರುಗಳು ಗಮನಿಸಿದ್ದು ಜೀನ್ ಅಲ್ಲ, ಮನುಷ್ಯರನ್ನು. ಗುಣ ಕಂಡವರಲ್ಲಿ ಹೆಚ್ಚಿನವರು ಹೆಂಗಸರು, ಸಿಗರೇಟು ಸೇದದವರು, ಪೂರ್ವ ಏಷ್ಯಾ ಮೂಲದವರು, ಅಡಿನೊಕಾರ್ಸಿನೋಮ ಇದ್ದವರು. ಅಂದರೆ ಫಾರ್ಮ್‌ನಲ್ಲಿದ್ದ ಸಾಮಾನ್ಯ ವಿವರಗಳೇ ಮೊದಲ ಸುಳಿವು. 2004ರಲ್ಲಿ ವಿಜ್ಞಾನಿಗಳು ಕಾರಣ ಕಂಡುಹಿಡಿದರು: ಇಂಥ ರೋಗಿಗಳ ಗೆಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಮ್ಯುಟೇಶನ್ ಇತ್ತು. ಆ ತಪ್ಪಿನಿಂದಾಗಿ ಜೀವಕೋಶಕ್ಕೆ "ಬೆಳೆ, ಬೆಳೆ" ಎನ್ನುವ ಸ್ವಿಚ್ ಆಫ್ ಆಗುವುದೇ ಇಲ್ಲ. ಮಾತ್ರೆ ಆ ಸ್ವಿಚ್ಚನ್ನು ತಡೆಯುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೂರ್ವ ಏಷ್ಯಾದಲ್ಲಿ 1,217 ರೋಗಿಗಳ ಮೇಲೆ ನಡೆದ ಐಪಾಸ್ ಎಂಬ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಬಹುತೇಕ ಎಲ್ಲರೂ ಸಿಗರೇಟು ಸೇದದವರು, ಹೆಚ್ಚಿನವರು ಹೆಂಗಸರು. ಜೀನ್ ಪರೀಕ್ಷೆ ಮಾಡಲು ಸಾಧ್ಯವಾದವರಲ್ಲಿ ನೂರಕ್ಕೆ 60ರಷ್ಟು ಜನರಿಗೆ ಆ ಮ್ಯುಟೇಶನ್ ಇತ್ತು. ಅವರಿಗೆ ಕಿಮೋಥೆರಪಿಗಿಂತ ಮಾತ್ರೆ ಒಳ್ಳೆಯದಾಯಿತು. ಮ್ಯುಟೇಶನ್ ಇಲ್ಲದವರಿಗೆ ಅದೇ ಮಾತ್ರೆ ಕಿಮೋಥೆರಪಿಗಿಂತ ಕೆಟ್ಟದಾಯಿತು. ಹೊರಗಿನ ವಿವರಗಳು ದಾರಿ ತೋರಿಸುತ್ತವೆ, ಆದರೆ ಚಿಕಿತ್ಸೆ ತೀರ್ಮಾನಿಸಲು ಒಳಗಿನ ಪರೀಕ್ಷೆ ಬೇಕು. "ಹೆಂಗಸು, ಏಷ್ಯಾದವಳು, ಹಾಗಾಗಿ ಈ ಮಾತ್ರೆ" ಎಂದು ಊಹಿಸಿದರೆ ಅಪಾಯ. ಹಾಗೆಯೇ ಹೊರಗಿನ ವಿವರಗಳನ್ನು ಯಾರೂ ಬರೆದಿಡದೆ ಇದ್ದಿದ್ದರೆ, ಯಾವ ಜೀನ್ ನೋಡಬೇಕು ಎಂದು ಹೊಳೆಯಲು ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ.

ಬೆಂಗಳೂರಿನಲ್ಲಿ ಅಜ್ಜಿಯ ಬಯಾಪ್ಸಿಗೂ ಈ ಪರೀಕ್ಷೆ ಮಾಡಿದರು. ಇಜಿಎಫ್‌ಆರ್ ಮ್ಯುಟೇಶನ್ ಇತ್ತು. ಭಾರತದಲ್ಲಿ ಇದು ಪೂರ್ವ ಏಷ್ಯಾದಷ್ಟು ಇಲ್ಲದಿದ್ದರೂ ಯುರೋಪ್ ಮೂಲದವರಿಗಿಂತ ಹೆಚ್ಚು. ಅಂದಿನಿಂದ ಅಜ್ಜಿ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮುಖದ ಮೇಲೆ ಗುಳ್ಳೆ ಬಂದಿತ್ತು. "ಈ ವಯಸ್ನಲ್ಲಿ ನಂಗೆ ಮೊಡವೆ ನೋಡು" ಎಂದು ನಕ್ಕರು. ಕೆಮ್ಮು ಕಡಿಮೆಯಾಗಿದೆ, ತೋಟದ ತನಕ ನಡೆದು ಹೋಗಿ ಬರುತ್ತಾರೆ. ಈ ಬಗೆಯ ಮಾತ್ರೆಗಳು ಹೆಚ್ಚಿನವರಲ್ಲಿ ಒಂದಲ್ಲ ಒಂದು ದಿನ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ, ಏಕೆಂದರೆ ಗೆಡ್ಡೆ ಹೊಸ ಮ್ಯುಟೇಶನ್ ಕಲಿತುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ಆ ವಾರ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಮತ್ತೆ ಪಟ್ಟಿಗೆ ಬರುತ್ತೇನೆ. ಸಿಗರೇಟನ್ನು ಅಳೆಯಲು 'ಪ್ಯಾಕ್-ಇಯರ್' ಎಂಬ ಲೆಕ್ಕ ಇದೆ. ದಿನಕ್ಕೆ ಒಂದು ಪ್ಯಾಕ್, ಅಂದರೆ 20 ಸಿಗರೇಟು, ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಅಜ್ಜಿಯ ಪ್ಯಾಕ್-ಇಯರ್ ಸೊನ್ನೆ. ಆದರೆ ಅವರು ಕುಡಿದ ಹೊಗೆಯೂ ಸೊನ್ನೆಯೇ? ವಿಡಿಯೋ ಕಾಲ್‌ನಲ್ಲಿ ಅಜ್ಜಿಯನ್ನೇ ಕೇಳಿದೆ.

"ಅಜ್ಜಿ, ನೀನು ಎಷ್ಟು ವರ್ಷದಿಂದ ಅಡುಗೆ ಮಾಡ್ತಿದ್ದೆ?"

"ಹತ್ತು ವರ್ಷದ ಹುಡುಗಿ ಆಗಿದ್ದಾಗ್ಲಿಂದ ಕಣೆ ಪುಟ್ಟಿ."

"ಒಲೆಯಲ್ಲಿ ಹೊಗೆ ಬರ್ತಿತ್ತಾ?"

"ಅಯ್ಯೋ, ಅದೇನ್ ಕೇಳ್ತೀಯ ಬಿಡು! ಮಳೆಗಾಲ್ದಲ್ಲಿ ಸೌದೆ ಎಲ್ಲಾ ಹಸಿ. ತೆಂಗಿನ ಗರಿ, ಮಟ್ಟೆ, ಸಿಕ್ಕಿದ್ದೆಲ್ಲಾ ಹಾಕದು. ಊದುಗೊಳವೇಲಿ ಊದೀ ಊದೀ ಸಾಕಾಗದು. ಕಣ್ಣೆಲ್ಲಾ ಉರಿ. ಆಮೇಲೆ ಅಸ್ತ್ರ ಒಲೆ ಹಾಕಿಸಿದ್ಮೇಲೆ ಎಷ್ಟೋ ವಾಸಿ ಆಯ್ತು."

ಅಸ್ತ್ರ ಒಲೆ ಎಂದರೆ ಏನೋ ಆಯುಧ ಇರಬೇಕು ಎಂದುಕೊಂಡೆ. ಅಮ್ಮ ವಿವರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರು ಅದನ್ನು ಕಟ್ಟಿದವರು. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಕೇಂದ್ರ ಇತ್ತು. ಅಲ್ಲಿನ ವಿಜ್ಞಾನಿಗಳು ಕಡಿಮೆ ಸೌದೆ ಸಾಕಾಗುವ, ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆ ಮಾಡಿದರು. 1980ರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಹರಡಿತು. ಅಜ್ಜಿಯ ಮನೆಗೆ ಅದು ಬಂದದ್ದು ಅಮ್ಮ ಪ್ರೈಮರಿ ಶಾಲೆಯಲ್ಲಿದ್ದಾಗ.

ಅಲ್ಲಿಯವರೆಗಿನ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಗಂಟೆ, ಸುಮಾರು 23 ವರ್ಷ. 33,580 ಗಂಟೆ. ನನ್ನ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ಬರೆಯಲು ಕಾಲಂ ಇಲ್ಲ.

ಅಜ್ಜಿಗೆ ಒಲೆಯ ಹೊಗೆಯಿಂದಲೇ ಕ್ಯಾನ್ಸರ್ ಬಂತು ಎಂದು ನಾನು ಹೇಳುತ್ತಿಲ್ಲ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಹೇಳಲು ಯಾರಿಗೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನೆಯೊಳಗೆ ಕಲ್ಲಿದ್ದಲು ಉರಿಸಿದ ಹೊಗೆಯನ್ನು ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಯಲ್ಲಿ ಇಟ್ಟಿದೆ. ಸೌದೆಯ ಹೊಗೆಯನ್ನು 'ಬಹುಶಃ ತರಬಹುದು' ಎಂಬ ಪಟ್ಟಿಯಲ್ಲಿ ಇಟ್ಟಿದೆ. ಆ 'ಬಹುಶಃ' ಹೋಗಬೇಕಾದರೆ, ಅಥವಾ ಸೌದೆ ತಪ್ಪಿತಸ್ಥ ಅಲ್ಲ ಎಂದು ಗೊತ್ತಾಗಬೇಕಾದರೆ, ಅಜ್ಜಿಯಂಥವರ ಬಗ್ಗೆ ಮಾಹಿತಿ ಬೇಕು.

ಕಲ್ಲಿದ್ದಲಿನ ವಿಷಯ ಹೇಗೆ ಖಚಿತವಾಯಿತು ಎನ್ನುವುದು ನ್ಯೂಕ್ಯಾಸಲ್‌ನವರಾದ ನಮಗೆ ಕುತೂಹಲದ ಕಥೆ. ನಮ್ಮ ಊರೂ ಕಲ್ಲಿದ್ದಲಿನ ಊರೇ. ಇಂಗ್ಲೆಂಡಿನ ಕಲ್ಲಿದ್ದಲ ಊರಿನ ಹೆಸರನ್ನೇ ಇದಕ್ಕೆ ಇಟ್ಟರು. ಕೊನೆಯ ಗಣಿ ಮುಚ್ಚಿದ್ದು 1963ರಲ್ಲಿ. ಕೂಗರ್ ಮೌಂಟನ್‌ನಲ್ಲಿ ಹೈಕ್ ಮಾಡಿದವರು ಹಳೆಯ ಗಣಿಯ ಗುರುತುಗಳನ್ನು ನೋಡಿರುತ್ತೀರಿ. ಚೀನಾದ ಯುನಾನ್ ಪ್ರಾಂತ್ಯದಲ್ಲಿ ಷುವಾನ್‌ವೈ ಎಂಬ ಇನ್ನೊಂದು ಕಲ್ಲಿದ್ದಲ ಊರು ಇದೆ. ಅಲ್ಲಿನ ಹೆಂಗಸರು ಸಿಗರೇಟು ಸೇದುತ್ತಿರಲಿಲ್ಲ, ಆದರೂ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ವಿಪರೀತವಾಗಿತ್ತು. ಅವರು ಮನೆಯೊಳಗೆ, ಹೊಗೆಕೊಳವೆ ಇಲ್ಲದ ಒಲೆಯಲ್ಲಿ, ಹೊಗೆ ಕಾರುವ ಕಲ್ಲಿದ್ದಲು ಉರಿಸುತ್ತಿದ್ದರು. ಸಂಶೋಧಕರು ಆ ಪ್ರಶ್ನೆ ಕೇಳಿದರು. 21 ಸಾವಿರಕ್ಕೂ ಹೆಚ್ಚು ರೈತರ ವಿವರ ಬರೆದಿಟ್ಟರು. ಕೊಳವೆ ಇರುವ ಒಲೆಗೆ ಬದಲಾಯಿಸಿಕೊಂಡ ಮನೆಗಳಲ್ಲಿ ಕ್ಯಾನ್ಸರ್‌ನ ಅಪಾಯ ನೂರಕ್ಕೆ 40ಕ್ಕಿಂತ ಹೆಚ್ಚು ಇಳಿಯಿತು ಎಂದು 2002ರಲ್ಲಿ ಪ್ರಕಟಿಸಿದರು. ಒಲೆಗೆ ಒಂದು ಕಾಲಂ ಇಟ್ಟದ್ದರಿಂದ ಇದು ಗೊತ್ತಾಯಿತು.

ಈಗ ಪರಿಸ್ಥಿತಿ ಸುಧಾರಿಸುತ್ತಿದೆ. ಸಿಗರೇಟು ಸೇದದ 871 ರೋಗಿಗಳ ಗೆಡ್ಡೆಗಳನ್ನು ಜಗತ್ತಿನ 28 ಕಡೆಗಳಿಂದ ತರಿಸಿ ಮಾಡಿದ ಷೆರ್ಲಾಕ್-ಲಂಗ್ ಎಂಬ ಅಧ್ಯಯನ 2025ರಲ್ಲಿ ಬಂತು. ಗಾಳಿಯ ಮಾಲಿನ್ಯ ಹೆಚ್ಚಿದ್ದ ಕಡೆಯವರ ಗೆಡ್ಡೆಗಳಲ್ಲಿ ಮ್ಯುಟೇಶನ್‌ಗಳೂ ಹೆಚ್ಚು ಎಂದು ಅದು ತೋರಿಸಿತು. ಅಮೆರಿಕದಲ್ಲೇ ಶ್ವಾಸಕೋಶದ ಕ್ಯಾನ್ಸರ್ ಬಂದ ಏಷ್ಯನ್ ಮೂಲದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿಗರೇಟು ಸೇದದವರು ಎಂದೂ ಓದಿದೆ. ಅಂದರೆ ಇದು ಊರಿನ ಅಜ್ಜಿಯರ ವಿಷಯ ಮಾತ್ರ ಅಲ್ಲ. ನಮ್ಮ ಅಮ್ಮಂದಿರ, ದೊಡ್ಡಮ್ಮ ಚಿಕ್ಕಮ್ಮಂದಿರ ವಿಷಯವೂ ಹೌದು. ತುಂಬಾ ದಿನ ನಿಲ್ಲದ ಕೆಮ್ಮು ಇದ್ದರೆ "ನಾನೇನು ಸಿಗರೇಟು ಸೇದ್ತೀನಾ" ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಬೇಕು.

ಕೊನೆಯದಾಗಿ ನನ್ನ ವಯಸ್ಸಿನವರಿಗೆ ಒಂದು ಮಾತು. ನಾವು ಕನ್ನಡ ಯಾಕೆ ಕಲಿಯಬೇಕು ಎಂದು ಭಾನುವಾರ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ನಾವೆಲ್ಲ ಒಮ್ಮೆಯಾದರೂ ಕೇಳಿದ್ದೇವೆ. ನನ್ನ ಪ್ರಾಜೆಕ್ಟ್‌ಗೆ ಬೇಕಾದ ಅಂಕಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಇಲ್ಲದ ಒಂದೇ ಒಂದು ಅಂಕಿ ನನಗೆ ಸಿಕ್ಕಿದ್ದು ಕನ್ನಡದಲ್ಲಿ. ಊದುಗೊಳವೆ ಎಂಬ ಪದ ಯಾವ ಆಸ್ಪತ್ರೆಯ ಫಾರ್ಮ್‌ನಲ್ಲೂ ಇರುವುದಿಲ್ಲ. ನಾವು ಕೇಳದಿದ್ದರೆ ಅಜ್ಜಿಯರು ತಾವಾಗಿ ಹೇಳುವುದೂ ಇಲ್ಲ. ಅವರಿಗೆ ಅದು ಹೇಳುವಂಥ ವಿಷಯ ಎಂದೇ ಅನಿಸುವುದಿಲ್ಲ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು, ಹೋಗದವರು ಫೋನ್‌ನಲ್ಲಿ, ನಾಲ್ಕು ಪ್ರಶ್ನೆ ಕೇಳಿ. ಯಾವ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಿರಿ? ಎಷ್ಟು ವರ್ಷ? ಏನು ಉರಿಸುತ್ತಿದ್ದಿರಿ? ಹೊಗೆ ಎಲ್ಲಿಗೆ ಹೋಗುತ್ತಿತ್ತು? ಉತ್ತರವನ್ನು ತಾರೀಕು ಹಾಕಿ ಬರೆದಿಡಿ, ಮನೆಯ ಡಾಕ್ಟರಿಗೂ ತೋರಿಸಿ. ನಾನು ಅಜ್ಜಿಯ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಮಾವನಿಗೆ ಕಳಿಸಿದೆ. ಅವರು ಅದನ್ನು ಅಜ್ಜಿಯ ಸ್ಕ್ಯಾನ್ ರಿಪೋರ್ಟ್‌ಗಳ ಫೈಲಿನಲ್ಲಿ ಸೇರಿಸಿದ್ದಾರೆ. ಮುಂದಿನ ಸ್ಕ್ಯಾನ್ ಬರುವ ತಿಂಗಳು 14ಕ್ಕೆ.